ಟಿವಿ ‘ದುರ್ಬಲ’ ಅಂದರೆ ಮಾಮಾ ಮೋಟಾರ್ ಎತ್ತುತ್ತಾರೆ

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗೆಲ್ಲ ಟಿವಿಯಲ್ಲಿ ಒಂದೇ ಕತೆ. ಮೊದಲ ದಿನ ಕೆಂಪು ಸುರುಳಿ ತಿರುಗುವ ನಕ್ಷೆ. ಎರಡನೇ ದಿನ ರೇನ್‌ಕೋಟ್ ಹಾಕಿಕೊಂಡ ವರದಿಗಾರ, ಅವನ ಹಿಂದೆ ಬಾಗಿದ ತೆಂಗಿನ ಮರ. ಮೂರನೇ ದಿನ ‘ಕರಾವಳಿ ದಾಟಿದ ಚಂಡಮಾರುತ ಈಗ ದುರ್ಬಲ’ ಅಂತ ಕೆಳಗೆ ಒಂದು ಸಾಲು ಓಡುತ್ತದೆ. ಆಮೇಲೆ ಕ್ರಿಕೆಟ್. ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಊರೊಂದರಲ್ಲಿರುವ ನಮ್ಮ ಸೋದರಮಾವ ಮೊದಲ ಎರಡು ದಿನ ಸುಮ್ನೆ ಎಲಿ ಅಡಿಕೆ ಹಾಕುತ್ತ ಕೂತಿರುತ್ತಾರೆ. ಆ ಮೂರನೇ ದಿನದ ಸಾಲು ಓಡಿದ ಮೇಲೆ ಎದ್ದು ಪಾನಾ ಹುಡುಕುತ್ತಾರೆ. ಹೊಳೆ ಅಂಚಿನಲ್ಲಿ ಕೂಡಿಸಿದ ಪಂಪ್‌ಸೆಟ್ಟಿನ ನಟ್ಟು ಬೋಲ್ಟು ಬಿಚ್ಚಿ, ಸ್ಟಾರ್ಟರ್ ಡಬ್ಬಿ ಕಳಚಿ, ಮೋಟಾರಿಗೆ ಬಿದಿರಿನ ಬೊಂಬು ಕಟ್ಟಿ, ಇಬ್ಬರ ಹೆಗಲ ಮೇಲೆ ದಡ ಹತ್ತಿಸುತ್ತಾರೆ.

“ದುರ್ಬಲ ಆಯ್ತು ಅಂದ್ರ ನಮ್ಮ ಕಡಿ ಹೊಂಟದ ಅಂತ ತಿಳ್ಕೋ, ತಮ್ಮಾ.”

ಮೊದಲ ಸಲ ಈ ಮಾತು ಕೇಳಿದಾಗ ನಾನು ನಕ್ಕಿದ್ದೆ. ಮಾಮಾ ಓದಿದ್ದು ನಾಲ್ಕನೇ ಇಯತ್ತೆ. ಹವಾಮಾನ ಇಲಾಖೆಯವರು ಒಂದು ಹೇಳಿದರೆ ಇವರು ಅದಕ್ಕೆ ಉಲ್ಟಾ ಅರ್ಥ ಹಚ್ಚುತ್ತಾರಲ್ಲ ಅಂತ. 2020ರ ಅಕ್ಟೋಬರ್ ಆದ ಮೇಲೆ ನಗು ನಿಂತಿತು. ಅವತ್ತಿನಿಂದ ಆ ‘ದುರ್ಬಲ’ ಅನ್ನೋ ಶಬ್ದ ತಲೆಯಲ್ಲಿ ಕೂತುಬಿಟ್ಟಿದೆ. ಇಲಾಖೆಯವರು ಸುಳ್ಳು ಹೇಳುವುದಿಲ್ಲ. ಗಾಳಿ ನಿಜವಾಗಿಯೂ ದುರ್ಬಲ ಆಗಿರುತ್ತದೆ. ಆದರೆ ಕಲಬುರಗಿಗೆ ಗಾಳಿ ಯಾವತ್ತು ದೊಡ್ಡ ಸುದ್ದಿ ಆಗಿತ್ತು ಹೇಳಿ? ನಮ್ಮಲ್ಲಿ ಕೆಡವುವುದೆಲ್ಲ ನೀರು.

ಕಾಕಿನಾಡದಿಂದ ನಕ್ಷೆಯ ಮೇಲೆ ಹೆಚ್ಚೂಕಡಿಮೆ ಸೀದಾ ಪಶ್ಚಿಮಕ್ಕೆ ಗೆರೆ ಎಳೆದರೆ ಕಲಬುರಗಿ ಸಿಗುತ್ತದೆ. ನಡುವೆ ಐನೂರೈವತ್ತು ಆರುನೂರು ಕಿಲೋಮೀಟರ್ ನೆಲ. ನಮ್ಮ ಜಿಲ್ಲೆಯಲ್ಲಿ ಸಮುದ್ರವನ್ನೇ ನೋಡದ ಮಂದಿ ಬಹಳ. ಮಾಮಾನೂ ನೋಡಿಲ್ಲ. ಒಮ್ಮೆ ಯಾರೋ ಈ ಮಾತು ತೆಗೆದಾಗ ಅತ್ತಿ ಒಳಗಿನಿಂದಲೇ ಅಂದಿದ್ದರು: “ನೋಡಿಲ್ಲ ಅಂತ ಯಾಕಂತೀರಿ? ಅದಾ ಮನಿ ಮಟ ಬಂದು ಹೋಗ್ಯದಲ್ಲ.”

ಕೂಲರ್ ಉಲ್ಟಾ ತಿರುಗಿದರೆ

ಚಂಡಮಾರುತ ಹುಟ್ಟುವುದು ಹೇಗೆ ಅಂತ ಶಾಲೆಯಲ್ಲಿ ಓದಿದ್ದೆ, ಮರೆತಿದ್ದೆ. ಮತ್ತೆ ತಿಳಿದದ್ದು ನಮ್ಮ ಮನೆಯ ಕೂಲರ್ ರಿಪೇರಿ ಮಾಡುವಾಗ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನಲವತ್ತಮೂರು ನಲವತ್ತನಾಲ್ಕು ದಾಟಿದಾಗ ನಮ್ಮನ್ನು ಉಳಿಸುವುದು ಆ ತಗಡಿನ ಡಬ್ಬಿ. ಅದರ ಗುಟ್ಟು ಇಷ್ಟೇ. ಒದ್ದೆ ಹುಲ್ಲಿನ ಮೇಲೆ ಗಾಳಿ ಹಾದರೆ ನೀರು ಆವಿ ಆಗುತ್ತದೆ. ಆವಿ ಆಗುವಾಗ ಗಾಳಿಯ ಶಾಖ ಕಿತ್ತುಕೊಂಡು ಹೋಗುತ್ತದೆ. ಎಷ್ಟು ಶಾಖ? ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಅಷ್ಟೂ ನೀರನ್ನು ಆಮೇಲೆ ಆವಿ ಮಾಡಲು ಅದರ ಐದು ಪಟ್ಟಿಗಿಂತ ಜಾಸ್ತಿ ಬೇಕು. ಆ ಶಾಖ ಸುಟ್ಟು ಹೋಗುವುದಿಲ್ಲ. ಆವಿಯ ಹೊಟ್ಟೆಯಲ್ಲಿ ಅಡಗಿ ಕೂತಿರುತ್ತದೆ. ಆವಿ ಮತ್ತೆ ನೀರಾದ ಗಳಿಗೆಯಲ್ಲಿ ಅಷ್ಟೂ ಹೊರಗೆ ಬರುತ್ತದೆ.

ಚಂಡಮಾರುತ ಅಂದರೆ ಈ ಕೂಲರನ್ನು ಉಲ್ಟಾ ತಿರುಗಿಸಿದ ಹಾಗೆ. ಸಮುದ್ರದ ನೀರು ಇಪ್ಪತ್ತಾರೂವರೆ ಡಿಗ್ರಿಗಿಂತ ಬಿಸಿ ಇರಬೇಕು. ಮೇಲಿನ ಪದರ ಮಾತ್ರ ಬಿಸಿ ಇದ್ದರೆ ಸಾಲದು, ಕೆಳಗೆ ಐವತ್ತು ಮೀಟರಿನ ತನಕ ಬಿಸಿ ಇರಬೇಕು. ಅಲ್ಲಿಂದ ಎದ್ದ ಆವಿ ಮೇಲೆ ಹೋಗಿ ತಣ್ಣಗಾಗಿ ಮೋಡ ಆಗುತ್ತದೆ, ಹೊಟ್ಟೆಯಲ್ಲಿದ್ದ ಶಾಖ ಬಿಡುತ್ತದೆ. ಶಾಖಕ್ಕೆ ಸುತ್ತಲಿನ ಗಾಳಿ ಹಗುರಾಗಿ ಇನ್ನೂ ಮೇಲೆ ಏರುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ಆ ಖಾಲಿ ತುಂಬಲು ಸುತ್ತಮುತ್ತಲಿನ ಒದ್ದೆ ಗಾಳಿ ನುಗ್ಗಿ ಬರುತ್ತದೆ, ಅದೂ ಏರುತ್ತದೆ. ಉರಿಯೇ ಗಾಳಿ ಎಳೆದುಕೊಂಡು ಉರಿ ಹೆಚ್ಚಿಸಿಕೊಳ್ಳುವ ಒಲೆ ಅದು. ನುಗ್ಗುವ ಗಾಳಿ ಸೀದಾ ಬರುವುದಿಲ್ಲ, ಭೂಮಿ ತಿರುಗುವುದರಿಂದ ವಾರೆ ಆಗುತ್ತದೆ. ನಮ್ಮ ಉತ್ತರಾರ್ಧದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸಮಭಾಜಕ ವೃತ್ತದ ತೀರ ಹತ್ತಿರ ಆ ವಾರೆ ಎಳೆತ ಇರುವುದಿಲ್ಲ. ಹಾಗಾಗಿ ಅಲ್ಲಿ ನೀರು ಎಷ್ಟೇ ಬಿಸಿ ಇದ್ದರೂ ಚಂಡಮಾರುತ ಹುಟ್ಟುವುದು ತೀರಾ ಅಪರೂಪ.

ಇನ್ನೊಂದು ಶರತ್ತು ಇದೆ. ಮೇಲಿನ ಗಾಳಿ ಒಂದು ದಿಕ್ಕು, ಕೆಳಗಿನ ಗಾಳಿ ಒಂದು ದಿಕ್ಕು ಜೋರಾಗಿ ಎಳೆದರೆ ಸುರುಳಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಜುಲೈ ಆಗಸ್ಟಿನಲ್ಲಿ ಬಂಗಾಳ ಕೊಲ್ಲಿಯ ಮೇಲೆ ನಡೆಯುವುದು ಅದೇ. ಮುಂಗಾರಿನ ಗಾಳಿಯೇ ದೊಡ್ಡ ಚಂಡಮಾರುತ ಬೆಳೆಯಲು ಬಿಡುವುದಿಲ್ಲ. ಮುಂಗಾರು ಬರುವ ಮುಂಚೆ ಒಮ್ಮೆ, ಹೋಗುವ ಹೊತ್ತಿಗೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಹಂಗಾಮು. ನಮಗೆ ತಟ್ಟುವುದು ಎರಡನೆಯದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್. ರೈತರ ಲೆಕ್ಕದಲ್ಲಿ ಹಸ್ತ, ಚಿತ್ತಿ, ಸ್ವಾತಿ. ಚಿತ್ತಿಗೆ ಕುರುಡಿ ಅಂತ ಹೆಸರು. ಎಲ್ಲಿ ಸುರಿಯುತ್ತದೆ, ಯಾರ ಹೊಲ ಬಿಟ್ಟು ಯಾರ ಹೊಲಕ್ಕೆ ಹೋಗುತ್ತದೆ ಅನ್ನೋದು ಅದಕ್ಕೇ ಗೊತ್ತಿರಲ್ಲ ಅಂತ. ಉಪಗ್ರಹ ಇಲ್ಲದ ಕಾಲದ ಜನ, ಅವರು ಕಂಡಿದ್ದನ್ನು ಹೇಳಿದ್ದಾರೆ.

ಈ ಸುರುಳಿಗಳು ಎಲ್ಲಿಂದೆಲ್ಲಿಗೋ ಬರುತ್ತವೆ. 2013ರಲ್ಲಿ ಒಡಿಶಾದ ಗೋಪಾಲಪುರಕ್ಕೆ ಬಡಿದ ಫೈಲಿನ್ನಿನ ಬೀಜ ಬಿದ್ದದ್ದು ಅತ್ತ ಥಾಯ್ಲೆಂಡ್ ಕೊಲ್ಲಿಯ ಕಡೆ. ನೆಲ ದಾಟಿ ಅಂಡಮಾನ್ ಸಮುದ್ರಕ್ಕೆ ಇಳಿದು, ಬಿಸಿ ನೀರು ಕುಡಿದು ಬೆಳೆಯಿತು. ಅದೇ ಜಾತಿಯದು ವಾಯುವ್ಯ ಪೆಸಿಫಿಕ್ಕಿನಲ್ಲಿ ಎದ್ದರೆ ಟೈಫೂನ್, ನಮ್ಮ ಕಡೆ ಎದ್ದರೆ ಸೈಕ್ಲೋನ್. ಸೈಕ್ಲೋನ್ ಅನ್ನೋ ಶಬ್ದ ಹುಟ್ಟಿದ್ದೂ ಬಂಗಾಳ ಕೊಲ್ಲಿಯ ಪಕ್ಕದಲ್ಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಅಧಿಕಾರಿ 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಆ ಹೆಸರು ಕೊಟ್ಟ. ಸುತ್ತಿಕೊಂಡ ಹಾವು ಅನ್ನೋ ಅರ್ಥ ಬರುವ ಗ್ರೀಕ್ ಶಬ್ದದಿಂದ.

ಹೆಸರಿಗೂ ದಕ್ಕದ್ದು

2020ರ ಅಕ್ಟೋಬರ್ ಎರಡನೇ ವಾರ. ಅಂಡಮಾನ್ ಕಡೆ ಹುಟ್ಟಿದ ಒಂದು ಕಡಿಮೆ ಒತ್ತಡ ಪಶ್ಚಿಮಕ್ಕೆ ಹೊರಟಿತು. ವಾಯುಭಾರ ಕುಸಿತ ಆಯಿತು, ಆಮೇಲೆ ತೀವ್ರ ವಾಯುಭಾರ ಕುಸಿತ ಆಯಿತು. ಅಲ್ಲಿಗೆ ನಿಂತಿತು. 13ನೇ ತಾರೀಖು ಮಂಗಳವಾರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಹತ್ತಿತು. ಗಾಳಿ ಗಂಟೆಗೆ 55 ಕಿಲೋಮೀಟರಿನ ಆಸುಪಾಸು. ಚಂಡಮಾರುತ ಅನ್ನಿಸಿಕೊಳ್ಳಲು ಗಾಳಿ 62 ದಾಟಿ ನಿಲ್ಲಬೇಕು. ಆಗ ಮಾತ್ರ ಹೆಸರು. ಇದು ಆ ಗೆರೆ ದಾಟಲಿಲ್ಲ. ಹಾಗಾಗಿ ಹೆಸರು ಬರಲಿಲ್ಲ.

ಹೆಸರುಗಳಿಗೇನು ಬರ ಇರಲಿಲ್ಲ. ಅದೇ ವರ್ಷ ಹದಿಮೂರು ದೇಶ ಸೇರಿ ಒಂದೊಂದು ದೇಶ ಹದಿಮೂರರಂತೆ 169 ಹೆಸರಿನ ಹೊಸ ಪಟ್ಟಿ ಮಾಡಿದ್ದವು. ಹಳೆಯ ಪಟ್ಟಿಯ ಕೊನೆಯ ಹೆಸರು ಅಂಫಾನ್, ಮೇ ತಿಂಗಳಲ್ಲಿ ಬಂಗಾಳಕ್ಕೆ ಹೋಗಿ ಮುಗಿದಿತ್ತು. ಹೊಸ ಪಟ್ಟಿಯ ಮೊದಲ ಹೆಸರು ನಿಸರ್ಗ, ಜೂನ್‌ನಲ್ಲಿ ಮಹಾರಾಷ್ಟ್ರದ ಕರಾವಳಿಗೆ. ನಮ್ಮ ಪಾಲಿಗೆ ಬಂದದ್ದಕ್ಕೆ ಮಾತ್ರ ಇಲಾಖೆಯ ಕಡತದಲ್ಲಿ ಒಂದು ಕ್ರಮಸಂಖ್ಯೆ, ಅಷ್ಟೇ.

ಹೆಸರಿಲ್ಲದ ಅದು ಮಾಡಿದ್ದು ನೋಡಿ. ಅದೇ ದಿನ ಹೈದರಾಬಾದಿನ ಹೊರಗೆ ಘಟಕೇಸರದಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 32 ಸೆಂಟಿಮೀಟರ್ ಮಳೆ. ನಗರದ ನಡುವೆ ಬೇಗಂಪೇಟೆಯಲ್ಲಿ 19. ನಮ್ಮ ಕಡೆ ವರ್ಷವಿಡೀ ಬೀಳುವುದೇ ಎಪ್ಪತ್ತೆಂಬತ್ತು ಸೆಂಟಿಮೀಟರ್. ನೆಲಕ್ಕೆ ಬಂದ ಮೇಲೆ ಚಂಡಮಾರುತಕ್ಕೆ ಬಿಸಿ ನೀರಿನ ಪೂರೈಕೆ ನಿಲ್ಲುತ್ತದೆ. ಗುಡ್ಡ, ಗಿಡ, ಮನೆಗಳಿಗೆ ಉಜ್ಜಿ ಗಾಳಿ ಸೋಲುತ್ತದೆ. ಸುರುಳಿ ಸಡಿಲಾಗುತ್ತದೆ. ಇದನ್ನೇ ದುರ್ಬಲ ಅನ್ನುವುದು. ಆದರೆ ಸಮುದ್ರದಿಂದ ಹೊತ್ತು ತಂದ ಆವಿ ಎಲ್ಲಿ ಹೋಗಬೇಕು? ಅದು ಇಳಿಯಲೇ ಬೇಕು. ಲಗೇಜ್ ತುಂಬಿದ ಲಾರಿಯ ಇಂಜಿನ್ ಕೆಟ್ಟು ನಿಂತಂತೆ. ಲಾರಿ ದುರ್ಬಲ ನಿಜ, ಲಗೇಜ್ ಅಷ್ಟೂ ಅಲ್ಲೇ ಇಳಿಯುತ್ತದೆ.

ಅದರ ಮೇಲೆ ಆ ವರ್ಷ ನಮ್ಮ ಎರಿ ಹೊಲಗಳು ಆಗಲೇ ತುಂಬಿ ನಿಂತಿದ್ದವು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಕರಿ ಮಣ್ಣು, ಒಮ್ಮೆ ಹೊಟ್ಟೆ ತುಂಬಿತು ಅಂದರೆ ಮತ್ತೆ ಹನಿ ಕುಡಿಯುವುದಿಲ್ಲ. ನೆಲ ಒದ್ದೆ ಇದ್ದರೆ ಸಾಯುವ ಸುರುಳಿಗೂ ಸ್ವಲ್ಪ ಆವಿ ಸಿಗುತ್ತದೆ, ಅದು ಇನ್ನೊಂದಿಷ್ಟು ಹೊತ್ತು ಉಸಿರಾಡುತ್ತದೆ. ಹೀಗೆ ತೆಲಂಗಾಣ ದಾಟಿ, ನಮ್ಮ ಕಲಬುರಗಿ ಬೀದರ ಸೀಮೆ ತೋಯಿಸಿ, ಮಹಾರಾಷ್ಟ್ರದ ಮೇಲೆ ಹೋಗಿ, ಕೊನೆಗೆ ಅರಬ್ಬಿ ಸಮುದ್ರಕ್ಕೆ ಇಳಿದು ಅಲ್ಲಿ ಮತ್ತೆ ಒಂದೆರಡು ದಿನ ಚೇತರಿಸಿಕೊಂಡಿತು.

ಮುಂದಿನ ವರ್ಷ ಇದಕ್ಕಿಂತ ಮಜಾ ನಡೆಯಿತು. 2021ರ ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣದ ಹತ್ತಿರ ದಡ ಹತ್ತಿದ ಚಂಡಮಾರುತಕ್ಕೆ ಪಾಕಿಸ್ತಾನ ಕೊಟ್ಟ ಹೆಸರು ಗುಲಾಬ್. ಅದೂ ನೆಲದ ಮೇಲೆ ದುರ್ಬಲವಾಗಿ ಪಶ್ಚಿಮಕ್ಕೆ ನಡೆಯಿತು. ಮರಾಠವಾಡಾ ಮುಳುಗಿತು, ಮಾಂಜ್ರಾ ಉಕ್ಕಿತು. ಮಾಂಜ್ರಾ ಉಕ್ಕಿದರೆ ಬೀದರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಉಳಿದ ಚೂರು ಅರಬ್ಬಿ ಸಮುದ್ರ ಸೇರಿ ಮತ್ತೆ ಚಂಡಮಾರುತ ಆಯಿತು. ಈ ಸಲ ಕತಾರ್ ಕೊಟ್ಟ ಹೆಸರು, ಶಾಹೀನ್. ಅಂದರೆ ಗಿಡುಗ. ಅಕ್ಟೋಬರ್ 3ಕ್ಕೆ ಒಮಾನಿಗೆ ಹೋಗಿ ಬಡಿಯಿತು. ಅಂದರೆ ಒಂದೇ ಸುರುಳಿಗೆ ಆ ದಂಡೆಯಲ್ಲಿ ಒಂದು ಹೆಸರು, ಈ ದಂಡೆಯಲ್ಲಿ ಇನ್ನೊಂದು. ನಡುವೆ, ನಮ್ಮ ಸೀಮೆಯ ಮೇಲೆ ಇದ್ದಷ್ಟು ದಿನ, ಹೆಸರಿಲ್ಲ. (ನಮ್ಮ ಊರಿನ ಹಳೆಯ ಹೆಸರು ಗುಲ್ಬರ್ಗಾ. ‘ಗುಲ್’ ಅಂದರೆ ಹೂವು ಅಂತ ಅರ್ಥ ಹೇಳುವವರಿದ್ದಾರೆ. ಗುಲಾಬ್ ನಮ್ಮ ಕಡೆ ಬರೋದ್ರಲ್ಲಿ ಹೆಸರು ಕಳೆದುಕೊಂಡಿತ್ತಲ್ಲ ಅಂತ ನನಗೊಂದು ಸಣ್ಣ ಬೇಜಾರು.)

ಬಿಸಿಲಲ್ಲಿ ಬಂದ ಹೊಳೆ

ಮತ್ತೆ 2020ಕ್ಕೆ. ಮಂಗಳವಾರ ಬುಧವಾರ ಮಳೆ ಹೊಡೆಯಿತು. ನನ್ನ ಡಿಟಿಪಿ ಅಂಗಡಿಗೆ ನೀರು ನುಗ್ಗಿ ಕಾಗದದ ರೀಮುಗಳನ್ನು ಮೇಜಿನ ಮೇಲೆ ಏರಿಸುತ್ತ ರಾತ್ರಿ ಕಳೆದೆ. ಅದು ದೊಡ್ಡ ಕತೆ ಅಲ್ಲ. ಗುರುವಾರ ಮಳೆ ಇಳಿಯಿತು. ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಪರಾತದ ಹಾಗೆ. ನಾನು ಇನ್ನೇನು ಮುಗಿಯಿತು ಅಂದುಕೊಂಡು ಬೈಕ್ ತೆಗೆದು ಮಾಮಾನ ಊರಿಗೆ ಹೊರಟೆ. ದಾರಿಯ ಹಳ್ಳಗಳು ಇನ್ನೂ ಮೈದುಂಬಿದ್ದವು. ಗಾಣಗಾಪುರದ ಕಡೆ ಹೋಗಬೇಡಿ, ಸಂಗಮ ತುಂಬ್ಯದ ಅಂತ ಎದುರು ಬಂದವರು ಹೇಳಿದರು. ಒಂದೂವರೆ ತಾಸಿನ ದಾರಿಗೆ ಮೂರೂವರೆ ತಾಸು ಹಿಡಿಯಿತು.

ಊರಲ್ಲಿ ಯಾರ ಮುಖದಲ್ಲೂ ಮುಗಿದ ಲಕ್ಷಣ ಇರಲಿಲ್ಲ. ಹನುಮಪ್ಪನ ಗುಡಿ ಕಟ್ಟೆ ಮೇಲೆ ಗಂಡಸರು ಸಾಲಾಗಿ ಕೂತಿದ್ದರು. ಅರ್ಧ ಮಂದಿಯ ಮಾಸ್ಕು ಗದ್ದಕ್ಕೆ ಇಳಿದಿತ್ತು. ಮಾಮಾ ಕಿವಿಗೆ ಫೋನ್ ಹಚ್ಚಿ ಕೂಗುತ್ತಿದ್ದರು. ಆ ಕಡೆ ಇದ್ದವರು ಪಂಢರಪುರದಲ್ಲಿ ಹೂವಿನ ವ್ಯಾಪಾರ ಮಾಡುವ ನಮ್ಮ ಬೀಗರು.

“ಪುಂಡಲೀಕನ ಗುಡಿ ಕಾಣ್ತದೋ ಇಲ್ಲೋ, ಅಷ್ಟ ಹೇಳ್ರಿ!”

ಮಾಮಾನ ಹವಾಮಾನ ಇಲಾಖೆ ಇದು. ನಮ್ಮ ಭೀಮೆಯೇ ಪಂಢರಪುರದಲ್ಲಿ ಚಂದ್ರಭಾಗಾ. ಅಲ್ಲಿ ನದಿಯ ಪಾತ್ರದಲ್ಲೇ ಪುಂಡಲೀಕನ ಗುಡಿ ಇದೆ. ನೀರು ಆ ಗುಡಿಯ ಮೆಟ್ಟಿಲು ಮುಟ್ಟಿದರೆ ಒಂದು ಲೆಕ್ಕ, ಗೋಡೆ ಮುಚ್ಚಿದರೆ ಇನ್ನೊಂದು ಲೆಕ್ಕ, ಶಿಖರವಷ್ಟೇ ಉಳಿದರೆ ದನ ಬಿಚ್ಚುವ ಲೆಕ್ಕ. ಸಮುದ್ರದ ಬಂದರುಗಳಲ್ಲಿ ಚಂಡಮಾರುತ ಬರುವಾಗ ಒಂದರಿಂದ ಹನ್ನೊಂದರವರೆಗೆ ನಂಬರಿನ ಅಪಾಯದ ಗುರುತು ಏರಿಸುತ್ತಾರಂತೆ. ನಮಗೆ ಬಂದರಿಲ್ಲ, ಬಾವುಟ ಇಲ್ಲ. ಪುಂಡಲೀಕ ಇದ್ದಾನೆ. ಇದರ ಜೊತೆ ವಾಟ್ಸಾಪಿನಲ್ಲಿ ಮರಾಠಿ ಸಂದೇಶಗಳು: ಭೀಮೆಯ ಉಜನಿ ಧರಣದಿಂದ (ಅಣೆಕಟ್ಟೆಯಿಂದ) ಇಷ್ಟು ಸಾವಿರ ಕ್ಯೂಸೆಕ್ ವಿಸರ್ಗ, ನೀರಾ ನದಿಯ ವೀರ್ ಧರಣದಿಂದ ಇಷ್ಟು ವಿಸರ್ಗ. ಮರಾಠಿಯಲ್ಲಿ ವಿಸರ್ಗ ಅಂದರೆ ಅಣೆಕಟ್ಟೆಯಿಂದ ನೀರು ಬಿಡುವುದು. ನಮಗೆ ವಿಸರ್ಗ ಅಂದರೆ ದುಃಖದ ನಡುವಿನ ಎರಡು ಸೊನ್ನೆ. ಎರಡೂ ಒಂದೇ ಅಂತ ಕಟ್ಟೆ ಮೇಲಿದ್ದ ಮಾಸ್ತರರು ಅಂದರು. ಯಾರೂ ನಗಲಿಲ್ಲ.

ಆಗ ನನಗೆ ಹೊಳೆದದ್ದು, ಯಾವ ಪಾಠದಲ್ಲೂ ಓದಿರಲಿಲ್ಲ. ಮಳೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ. ನಮ್ಮ ತಲೆ ಮೇಲೆ ಸುರಿದು, ಸೊಲ್ಲಾಪುರದ ಮೇಲೆ ಸುರಿದು, ಪುಣೆ ಕಡೆ ಸುರಿಯುತ್ತದೆ. ಭೀಮಾ ಹರಿಯುವುದು ಪಶ್ಚಿಮದಿಂದ ಪೂರ್ವಕ್ಕೆ. ಅಂದರೆ ನಮ್ಮನ್ನು ದಾಟಿ ಹೋದ ಅದೇ ಸುರುಳಿ, ಎರಡು ಮೂರು ದಿನ ಬಿಟ್ಟು ಹೊಳೆಯ ದಾರಿ ಹಿಡಿದು ವಾಪಸ್ ಬರುತ್ತದೆ. ಮೊದಲ ಸಲ ಆಕಾಶದಿಂದ, ಎರಡನೇ ಸಲ ನೆಲದ ಮೇಲೆ. ಎರಡನೇ ಸಲ ಬರುವಾಗ ಮೇಲೆ ಚಂದದ ಬಿಸಿಲು ಇರುತ್ತದೆ. ಟಿವಿಯವರ ಕ್ಯಾಮೆರಾ ಆಗ ಎಲ್ಲೋ ಇರುತ್ತದೆ.

ಮಾಮಾ ನೀರಿನ ಅಂಚಿಗೆ ಒಂದು ಬೇವಿನ ಕಡ್ಡಿ ನೆಟ್ಟಿದ್ದರು. ನಾನು ಹೋದಾಗ ಹನ್ನೊಂದು ಗಂಟೆ. ಚಹಾ ಕುಡಿದು ಬರುವುದರಲ್ಲಿ ಕಡ್ಡಿ ನೀರೊಳಗೆ ಇತ್ತು. ಇನ್ನೊಂದು ನೆಟ್ಟರು. ನೀರು ನುಗ್ಗಿ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗೆ ಬರಲಿಲ್ಲ. ಸದ್ದೇ ಇಲ್ಲ. ಕಬ್ಬಿನ ಸಾಲುಗಳ ನಡುವೆ ತೆವಳಿಕೊಂಡು, ಹುಲ್ಲಿನ ಬುಡಕ್ಕೆ ಸಣ್ಣ ಗುಳ್ಳೆ ಎಬ್ಬಿಸುತ್ತ, ಇರುವೆಗಳನ್ನು ಮುಂದೆ ಅಟ್ಟಿಕೊಂಡು ಬಂತು. ಮಣ್ಣಿನ ಬಣ್ಣದ ಚಹಾದಂಥ ನೀರು. ಒಂದು ಜಾಲಿ ಗಿಡದಲ್ಲಿ ಕೇರೆ ಹಾವು ಎರಡು ಸುತ್ತಿಕೊಂಡಿದ್ದವು. ಒಂದು ಕಟ್ಟಿಗೆ ತುಂಡಿನ ಮೇಲೆ ಕೋಳಿ ಮರಿ ಕೂತು ತೇಲುತ್ತ ಹೋಯಿತು. ಅದು ಕೂಗಲೂ ಇಲ್ಲ.

ಪಕ್ಕದ ಹೊಲದವರು ಮೋಟಾರ್ ಎತ್ತಿರಲಿಲ್ಲ. ಮಂಗಳವಾರ ಮಾಮಾ ಮಳೆಯಲ್ಲೇ ನೆನೆಯುತ್ತ ಬೋಲ್ಟು ಬಿಚ್ಚುವಾಗ ಅವರು, “ಟಿವ್ಯಾಗ ಹೇಳ್ಯಾರ, ಕಮ್ಮಿ ಆಗ್ಯದಂತ” ಅಂದಿದ್ದರಂತೆ. ಶುಕ್ರವಾರ ಅವರು ದಡದ ಮೇಲೆ ನಿಂತು ತಮ್ಮ ಕರೆಂಟ್ ಕಂಬದ ಸ್ಟಾರ್ಟರ್ ಡಬ್ಬಿ ಒಂದೊಂದೇ ಗೇಣು ಮುಳುಗುವುದನ್ನು ನೋಡಿದರು. ಮಾಮಾ ಅವರ ಪಕ್ಕ ಹೋಗಿ ನಿಂತರು. ಏನೂ ಅನ್ನಲಿಲ್ಲ. ಎಲಿ ಅಡಿಕೆ ಚೀಲ ಮುಂದೆ ಹಿಡಿದರು.

ಮಧ್ಯಾಹ್ನ ಮೂರಕ್ಕೆ ಪಂಢರಪುರದಿಂದ ಫೋನ್ ಬಂತು. ಶಿಖರ ಅಷ್ಟೇ ಕಾಣ್ತದ ಅಂತ. ಇಡೀ ಓಣಿ ಎದ್ದಿತು. ಆ ವರ್ಷ ಅಧಿಕ ಮಾಸ ಬಂದು ಘಟಸ್ಥಾಪನೆ ಮರುದಿನ, ಶನಿವಾರಕ್ಕೆ ಬಿದ್ದಿತ್ತು. ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ತೊಳೆಯಬೇಕಲ್ಲ. ಅತ್ತಿ ಹಿಂದಿನ ವಾರವೇ ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆದಿದ್ದರು. ಒಣಗುವ ಮುಂಚೆ ಮಳೆ ಹಿಡಿಯಿತು. ನಾಲ್ಕು ದಿನ ಒದ್ದೆ ಉಳಿದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಟ್ರ್ಯಾಕ್ಟರಿಗೆ ಜೋಳದ ಚೀಲ ಹೇರಿದೆವು, ಹೊಲಿಗೆ ಮಷೀನ್ ಹೇರಿದೆವು, ಟಿವಿ ಹೇರಿದೆವು. ಆ ಏಳು ಕೌದಿಗಳನ್ನು ಹೇರಲು ಇಬ್ಬರು ಗಂಡಸರು ಬೇಕಾಯಿತು. ಬಿಡ್ರಿ ಅಂತ ಮಾಮಾ ಅಂದರೆ, ಅತ್ತಿ, “ನಮ್ಮವ್ವನ ಸೀರಿ ಅದಾವ ಅದ್ರಾಗ” ಅಂದರು. ಹಳೆ ಸೀರೆ ಪದರ ಪದರ ಹೊಲಿದು ಮಾಡುವುದಲ್ವಾ ಕೌದಿ. ಅವು ನಮ್ಮ ಜೊತೆ ಬಂದವು, ಸೋರುತ್ತ.

ದಿಬ್ಬದ ಮೇಲಿನ ಶಾಲೆಯೇ ಕಾಳಜಿ ಕೇಂದ್ರ. ಕೊರೊನಾಕ್ಕೆ ಮುಚ್ಚಿದ್ದ ಶಾಲೆ, ಏಳು ತಿಂಗಳ ಧೂಳು. ಬೋರ್ಡಿನ ಮೇಲೆ ಮಾರ್ಚ್ ತಿಂಗಳ ತಾರೀಖು ಹಾಗೇ ಇತ್ತು. ಅವತ್ತು ರಾತ್ರಿ ನಲವತ್ತು ಮಂದಿ ತಿಂದದ್ದು ಹೆಂಗಸರು ಬುಟ್ಟಿಗಟ್ಟಲೆ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಒಲೆ ಬೇಡ, ಕರೆಂಟ್ ಬೇಡ, ತಿಂಗಳಿಟ್ಟರೂ ಕೆಡಲ್ಲ. ನಮ್ಮ ಕಡೆಯ ಮಂದಿ ಬರಗಾಲಕ್ಕೆ ಕಂಡುಕೊಂಡ ರೊಟ್ಟಿ ಅದು ಅಂತ ಹೇಳುತ್ತಾರೆ. ಹೊಳೆಗೂ ಅದೇ ಆಯಿತು.

ಅನಂತಗಿರಿಯ ಎರಡು ಮಗ್ಗುಲು

ಅದೇ ದಿನಗಳಲ್ಲಿ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಕಾಗಿಣಾ ಏರಿ ಸೇಡಂ, ಮಳಖೇಡದ ಕಡೆಯೂ ಹಾಹಾಕಾರ. ಆ ಕಾಗಿಣಾ ಹುಟ್ಟುವುದು ತೆಲಂಗಾಣದ ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡದಲ್ಲಿ. ಹೈದರಾಬಾದಿನ ಮೂಸಿ ಹುಟ್ಟುವುದೂ ಅಲ್ಲೇ. ಗುಡ್ಡದ ಒಂದು ಮಗ್ಗುಲಿಗೆ ಬಿದ್ದ ಹನಿ ಚಾರ್‌ಮಿನಾರ್ ನೋಡಲು ಹೋಗುತ್ತದೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ರಾಷ್ಟ್ರಕೂಟರ ಕೋಟೆ ತೊಳೆದು ಭೀಮೆಗೆ ಸೇರುತ್ತದೆ. ನಾವೆಲ್ಲ ಒಂದೇ ನಿಜಾಮನ ಕೆಳಗೆ ಇದ್ದ ಕಾಲದಲ್ಲಿ, 1908ರ ಸೆಪ್ಟೆಂಬರ್ 28ರಂದು, ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಆಸ್ಪತ್ರೆ ಅಂಗಳದ ಒಂದು ಹುಣಸೆ ಮರ ಹತ್ತಿ ನೂರೈವತ್ತು ಮಂದಿ ಉಳಿದರಂತೆ. ಆ ಮರ ಇನ್ನೂ ಇದೆ. ಆಮೇಲೆ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರ ಸಲಹೆಯ ಮೇಲೆ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿಗೆ ಹಿಮಾಯತ್ ಸಾಗರ ಕಟ್ಟಿಸಿದರು.

ಕರಾವಳಿಯವರು ಕಲಿತ ಪಾಠ ಇನ್ನೂ ದೊಡ್ಡದು. 1970ರ ನವೆಂಬರಿನಲ್ಲಿ ಈಗಿನ ಬಾಂಗ್ಲಾದೇಶಕ್ಕೆ ಬಡಿದ ಭೋಲಾ ಚಂಡಮಾರುತದಲ್ಲಿ ಕಡಿಮೆ ಅಂದರೂ ಮೂರು ಲಕ್ಷ ಜನ ಹೋದರು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯಲ್ಲಿ, 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ, ಹತ್ತತ್ತು ಸಾವಿರದಷ್ಟು ಜನ. ಎಲ್ಲ ಕಡೆ ಕೊಂದದ್ದು ಗಾಳಿಗಿಂತ ಜಾಸ್ತಿ, ಗಾಳಿ ತಳ್ಳಿಕೊಂಡು ಬಂದ ಸಮುದ್ರ. ಅದೇ ಒಡಿಶಾ 2013ರಲ್ಲಿ ಫೈಲಿನ್ ಬರುವ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನು ಗಟ್ಟಿ ಕಟ್ಟಡಗಳಿಗೆ ಸಾಗಿಸಿತು. ಸತ್ತವರು ಕೆಲವು ಹತ್ತು ಮಂದಿ. ಸರ್ಕಾರಗಳ ಬಗ್ಗೆ ನನ್ನ ಬಾಯಲ್ಲಿ ಒಳ್ಳೆ ಮಾತು ಬರುವುದು ಕಡಿಮೆ, ಆದರೆ ಇದಕ್ಕೆ ಕೈ ಮುಗಿಯಬೇಕು. ನನ್ನ ತಕರಾರು ಒಂದೇ. ಆ ಎಚ್ಚರಿಕೆಯ ದಾರ ದಡದಿಂದ ಒಳಗೆ ಬರುತ್ತ ಬರುತ್ತ ತೆಳ್ಳಗಾಗುತ್ತದೆ. ನಮ್ಮ ತನಕ ಬರುವಷ್ಟರಲ್ಲಿ ಉಳಿಯುವುದು ‘ದುರ್ಬಲ’ ಅನ್ನೋ ಒಂದು ಶಬ್ದ, ಮತ್ತೆ ಬೀಗರ ಫೋನು.

ದಿವಿಸೀಮೆ ಇರುವುದು ಕೃಷ್ಣೆಯ ಬಾಯಲ್ಲಿ. ನಮ್ಮ ಭೀಮೆ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅಂದರೆ ಮಾಮಾನ ಹೊಲದ ಕರಿ ಮಣ್ಣು ಕೊಚ್ಚಿಕೊಂಡು ಹೋಗಿ ಎಲ್ಲೋ ಅಲ್ಲೇ ಕೂತಿರಬಹುದು. ಬಂಗಾಳ ಕೊಲ್ಲಿಯಿಂದ ಆಕಾಶದ ದಾರಿಯಲ್ಲಿ ಬಂದ ನೀರು ಹೊಳೆಯ ದಾರಿಯಲ್ಲಿ ಬಂಗಾಳ ಕೊಲ್ಲಿಗೇ ಹೋಯಿತು, ಹೋಗುವಾಗ ಒಂದಿಷ್ಟು ಹೊಲವನ್ನೂ ಕರೆದುಕೊಂಡು.

ಯಾರ ಮೇಲೆ ಅರ್ಜಿ

ಹೊಳೆ ಇಳಿದ ಮೇಲೆ ನನ್ನ ಅಂಗಡಿಗೆ ಕೆಲಸವೋ ಕೆಲಸ. ಪರಿಹಾರದ ಅರ್ಜಿ ಟೈಪ್ ಮಾಡಿಸಲು ಜನ. ಗೋಡೆ ಬಿದ್ದದ್ದು, ಎಮ್ಮೆ ಹೋದದ್ದು, ಹೆಚ್ಚಾಗಿ ತೊಗರಿ. ಕಲಬುರಗಿ ತೊಗರಿಗೆ ಹಿಂದಿನ ವರ್ಷವಷ್ಟೇ, 2019ರಲ್ಲಿ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತ್ತು. ಜೂನ್ ಜುಲೈಯಲ್ಲಿ ಬಿತ್ತಿದ ತೊಗರಿ ಅಕ್ಟೋಬರಿನಲ್ಲಿ ಇನ್ನೇನು ಹೂ ಬಿಡುವ ಹೊತ್ತು. ತೊಗರಿ ಬರ ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಬೇರಿಗೆ ಉಸಿರು ಕಟ್ಟುತ್ತದೆ. ನೀರು ಇಳಿದ ಮೇಲೆ ಗಿಡ ಹಸಿರಾಗಿಯೇ ಕಾಣುತ್ತದೆ. ವಾರ ಬಿಟ್ಟು ಬಿಸಿಲಿಗೆ ತಲೆ ಬಾಗಿಸಿ ಒಣಗಲು ಶುರು. ಸಮೀಕ್ಷೆಗೆ ಬಂದವರು ಬೇಗ ಬಂದರೆ ಹಸಿರು ಬರೆದುಕೊಂಡು ಹೋಗುತ್ತಾರೆ. ಮಣ್ಣಿನ ಮಾಳಿಗೆ ಮನೆಗಳದ್ದೂ ಇದೇ ಹಣೆಬರಹ. ಮಳೆಯಲ್ಲಿ ನಿಂತ ಗೋಡೆ, ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ.

ಜೇವರ್ಗಿ ಕಡೆಯಿಂದ ಒಬ್ಬ ಮುತ್ಯಾ ಬಂದಿದ್ದರು. ಎರಡೂವರೆ ಎಕರೆ ತೊಗರಿ. ಆಗ ಕೇಂದ್ರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ. ಅವರ ಎರಡೂವರೆ ಎಕರೆ ಅಂದರೆ ಹೆಚ್ಚೂಕಡಿಮೆ ಒಂದು ಹೆಕ್ಟೇರ್. ನಾನು ಟೈಪ್ ಮಾಡುತ್ತ ‘ಅತಿವೃಷ್ಟಿಯಿಂದ’ ಅಂತ ಓದಿದೆ.

“ಅದು ಸಮುದ್ರದಾಗಿಂದ ಬಂದಿತ್ತಂತಲ್ರಿ?”

ಹೌದು ಅಂದೆ.

“ಮತ್ತ ಅದರ ಹೆಸರು ಹಾಕ್ರಿ. ಯಾರ ಮ್ಯಾಲ ಅರ್ಜಿ ಅಂತ ತಿಳೀಬೇಕಲ್ಲ.”

ಅದಕ್ಕೆ ಹೆಸರು ಇಟ್ಟಿಲ್ಲ ಮುತ್ಯಾ, ಗಾಳಿ ಸಾಲದಾಯ್ತು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತ ಕೂತರು. ಆಮೇಲೆ, “ಚಿತ್ತಿ ಮಳಿ ಅಂತರ ಹಾಕ್ರಿ” ಅಂದರು. ಹಾಕಿದೆ. ‘ಚಿತ್ತಾ ಮಳೆಯ ಅತಿವೃಷ್ಟಿಯಿಂದ.’ ಆಮೇಲೆ ಬಂದವರ ಅರ್ಜಿಗೂ ಹಾಗೇ ಹಾಕುತ್ತ ಹೋದೆ. ಯಾರೂ ಬೇಡ ಅನ್ನಲಿಲ್ಲ.

ಜನವರಿಯಲ್ಲಿ ಎಳ್ಳಮಾವಾಸ್ಯೆಗೆ ಮಾಮಾನ ಹೊಲಕ್ಕೆ ಚರಗ ಚೆಲ್ಲಲು ಹೋದೆವು. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಇತ್ತು. ತೊಗರಿ ಇದ್ದ ಜಾಗದಲ್ಲಿ ತಡವಾಗಿ ಬಿತ್ತಿದ ಕಡ್ಲಿ ಗೇಣುದ್ದ ಇತ್ತು. ಹೊಲದ ನಡುವಿನ ಬನ್ನಿ ಗಿಡದ ಕೊಂಬೆಯಲ್ಲಿ, ನನ್ನ ತಲೆಗಿಂತ ಎರಡು ಮೊಳ ಮೇಲೆ, ಒಂದು ಪ್ಲಾಸ್ಟಿಕ್ ಗೊಬ್ಬರದ ಚೀಲ ಸಿಕ್ಕಿಕೊಂಡಿತ್ತು. ನೀರು ಅಲ್ಲಿಯ ತನಕ ನಿಂತಿತ್ತು ಅಂತ ಗುರುತು. ಮಾಮಾ ಅದನ್ನು ತೆಗೆಯಲು ಬಿಡಲಿಲ್ಲ.

2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಮತ್ತೆ ಬಂತು. ಮಾಮಾನ ಮಗ ಈಗ ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ಮೋಡ ಎಲ್ಲಿದೆ ತೋರಿಸುತ್ತಾನೆ. ಮಾಮಾ ಕನ್ನಡಕ ಏರಿಸಿ ನೋಡುತ್ತಾರೆ, ಚಂದ ಅದ ಅನ್ನುತ್ತಾರೆ. ಮೋಟಾರ್ ಆಗಲೇ ಅಟ್ಟ ಹತ್ತಿರುತ್ತದೆ. ಆ ವಾರ ನಾನು ಫೋನ್ ಮಾಡಿದಾಗ ಅತ್ತಿ ಎತ್ತಿದರು. ಹಿಂದೆ ರೊಟ್ಟಿ ಬಡಿಯುವ ಸದ್ದು, ಒಬ್ಬರದ್ದಲ್ಲ, ಮೂರು ನಾಲ್ಕು ಮಂದಿಯದ್ದು.

“ಮಾಮಾ ಎಲ್ಲಿ ಅತ್ತಿ?”

“ಪಂಢರಪುರಕ್ಕ ಫೋನ್ ಹಚ್ಚಿ ಕುಂತಾರ. ನೀ ಆಮ್ಯಾಲ ಮಾಡು, ಲೈನ್ ಖಾಲಿ ಇರ್ಲಿ.”